ಹಸಿ ಕಟ್ಟೆ

ಬಂಡೆಮ್ಮ ಎರಡನೆಯ ಕಾಜಾದ ಸುತ್ತು ಮುಗಿಸಿ, ದಾರವನ್ನು ಹಲ್ಲಿನಿಂದ ಕಡಿದು, ಮುಂದಿನ ಗುಂಡಿಗೆ ಬಟ್ಟೆಯ ಮೇಲೆ ಉಗುರಿನಿಂದ ಗುರುತು ಮಾಡುತ್ತಿದ್ದಾಗ ಪಕ್ಕದ ಮನೆಯ ಆದೆಮ್ಮ ಒಳಗೆ ಬಂದಳು.

"ಯವ್ವಾ, ಏನ್ ಮಾಡಾಕತ್ತೀಯಬೇ? ಗಂಡನ ಹೆಣ ಬಾಗಲದಾಗ ಕುಂತದ, ನೀ ಸೂಜಿ ಹಿಡಕೊಂಡು ಕುಂತೀದಿ!"

"ಗುಂಡಿ ಇಲ್ಲದ ಅಂಗಿ ತೊಡಿಸಿ ಕಳಸ್ಲೇನು?"

"ಹೊಸಾ ಧೋತ್ರ ಹೊದಿಸಿದ್ರ ಸಾಕಿತ್ತು. ಮಣ್ಣಾಗ ಯಾರ್ ನೋಡ್ತಾರ?"

"ದರ್ಜಿ ಅದಾನ ಅಂವ," ಎಂದಳು ಬಂಡೆಮ್ಮ. ಕತ್ತರಿಯ ತುದಿ ಬಟ್ಟೆಯೊಳಗೆ ಇಳಿಯಿತು.

ಬಿಳಿ ಪಾಪ್ಲಿನ್ನಿನ ಅಂಗಿ ಅದು. ಬಜಾರದ ಹೊಸ ಕಟ್ಟೆಯ ಮೇಲೆ ಮತ್ತೆ ಕೂಡುವ ದಿನ ತೊಡಬೇಕೆಂದು ಮುದುಕಪ್ಪ ತನಗಾಗಿ ಎತ್ತಿಟ್ಟಿದ್ದ ಬಟ್ಟೆ. ಕಟ್ಟೆ ಇನ್ನೇನು ಮುಗಿಯುವುದರಲ್ಲಿತ್ತು. ಮುದುಕಪ್ಪ ಮಾತ್ರ ರಾತ್ರಿ ಉಂಡು ಮಲಗಿದವನು ಬೆಳಿಗ್ಗೆ ಏಳಲಿಲ್ಲ.

ಆದೆಮ್ಮ ಅಂಗಿಯ ತೋಳು ಮುಟ್ಟಿ ನೋಡಿದಳು. ಕಣ್ಣಲ್ಲಿ ನೀರು ಬಂತು. "ಮುದುಕಪ್ಪಣ್ಣನ ಹೊಲಿಗಿ ನೋಡು. ಕಡೀತನಕ ಕೈ ನಡುಗ್ಲಿಲ್ಲ."

ಬಂಡೆಮ್ಮ ಸೂಜಿಗೆ ದಾರ ಪೋಣಿಸಿದಳು.

ಹೊರಗೆ ಕವಿತಾಳದಿಂದ ಮೊದಲ ಬಸ್ಸಿಗೆ ಬಂದಿದ್ದ ಮೈದುನ ಕನಕಪ್ಪನ ದನಿ ಗೋಡೆ ದಾಟಿ ಬರುತ್ತಿತ್ತು. "ಮಿಷಿನ್ ನಾಳಿ ಗಾಡಿಗೆ ಹೇರ್ತೀನಿ. ನನ್ನ ಮಗಗ ಒಂದು ಕಸಬು ಆಗ್ತದ. ಅತ್ತಿಗೀನೂ ಬರ್ತಾಳ. ಮಕ್ಕಳಿಲ್ಲ ಮರಿಯಿಲ್ಲ, ಇಲ್ಲಿ ಆಕೀಗ ಯಾರದಾರ?"

"ಬರೋಬ್ಬರಿ ಮಾತು," ಎಂದರು ಯಾರೋ.

ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವಳಿಗೊಂದು ಮೂಲೆ, ಎರಡು ಹೊತ್ತಿನ ರೊಟ್ಟಿ, ಹಬ್ಬಕ್ಕೊಂದು ಸೀರೆ ಅಲ್ಲಿ ಖಂಡಿತ ಸಿಗುತ್ತಿತ್ತು. ಕೆಟ್ಟದ್ದಿದ್ದರೆ ಬೇಡ ಎನ್ನುವುದು ಸುಲಭವಿತ್ತು.

*

ಕುರಿ ಕಾಯುವ ಮನೆತನದಲ್ಲಿ ಹುಟ್ಟಿದ ಮುದುಕಪ್ಪನ ಕೈಗೆ ಸೂಜಿ ಕೊಟ್ಟವನು ಸರ್ವರಿ ಬೇಗಂಳ ಗಂಡ. ದೇವದುರ್ಗದ ಹಳೆ ಬಜಾರದಲ್ಲಿ ಅವರದು ಬಟ್ಟೆ ಅಂಗಡಿ; ಅವನು ಹೋದ ಮೇಲೆ ಬೇಗಂಳೇ ನಡೆಸುತ್ತಿದ್ದಳು. ನಿಜಾಮನ ಕಾಲದ ಕಮಾನುಗಳ ಸಾಲು. ಪ್ರತಿ ಕಮಾನಿನ ಮುಂದೆ ಒಂದು ಕಲ್ಲುಕಟ್ಟೆ. ಪ್ರತಿ ಕಟ್ಟೆಯ ಮೇಲೆ ಒಂದು ಕಸಬು. ಬೇಗಂಳ ಕಟ್ಟೆಯ ಮೇಲೆ ಮುದುಕಪ್ಪನ ಹೊಲಿಗೆ ಯಂತ್ರ. ಅಂಗಡಿಯಲ್ಲಿ ಬಟ್ಟೆ ಕೊಂಡವರು ಮೆಟ್ಟಿಲು ಇಳಿಯುವ ಮೊದಲೇ ಅವನಿಗೆ ಅಳತೆ ಕೊಟ್ಟು ಹೋಗುತ್ತಿದ್ದರು.

ಎಂಬತ್ತೆರಡನೆಯ ಇಸವಿಯಲ್ಲಿ ಬಜಾರದ ದುರಸ್ತಿ ಶುರುವಾಯಿತು. ಕಮಾನುಗಳನ್ನು ಉಳಿಸಿ, ಮಸಿ ಕೆರೆದು ಸುಣ್ಣ ಬಳಿಯುವುದು. ಜೋತುಬಿದ್ದ ತಗಡಿನ ಛಪ್ಪರ, ಎತ್ತರ ತಗ್ಗಿನ ಕಟ್ಟೆ ತೆಗೆದು, ಗಟಾರ ಮುಚ್ಚಿ, ಎಲ್ಲ ಕಟ್ಟೆಗಳನ್ನೂ ಒಂದೇ ಸಾಲಿಗೆ ಹೊಸದಾಗಿ ಕಟ್ಟುವುದು. ಮಳೆಗಾಲದೊಳಗೆ ಮುಗಿಯುತ್ತದೆ ಅಂದರು. ಎರಡು ಮಳೆಗಾಲ ಹೋದವು. ಬಜಾರ ಪೂರ್ತಿ ಗುಂಡಿ, ಕೆಸರು, ಜಲ್ಲಿ. ವ್ಯಾಪಾರಿಗಳು ಬೆಳಗೆದ್ದು ಬಯ್ಯುತ್ತಿದ್ದರು.

ಮುದುಕಪ್ಪನ ಯಂತ್ರ ಮನೆಗೆ ಬಂತು. ಆಗಲೇ ಅವನ ಕಣ್ಣಿಗೆ ಪೊರೆ ಕಟ್ಟತೊಡಗಿತ್ತು. ಒಂದು ಮಧ್ಯಾಹ್ನ ಸೂಜಿಗೆ ದಾರ ಪೋಣಿಸಲಾಗದೆ ಬಹಳ ಹೊತ್ತು ಕೂತ. ಆಮೇಲೆ ದಾರದ ತುದಿಯನ್ನು ಹೆಂಡತಿಯ ಕಡೆ ಚಾಚಿದ. ಅವಳು ಪೋಣಿಸಿದಳು. ಕೆಲವು ದಿನ ಅಷ್ಟೇ. ಬಳಿಕ ಒಂದು ದಿನ, "ಇಲ್ಲಿ ಕುಂದ್ರು," ಎಂದು ಎದ್ದು ಜಾಗ ಬಿಟ್ಟ.

"ಕಾಲು ಹೆದರಬಾರ್ದು. ಎತ್ತು ಹೂಡಿದಂಗ. ಬಿಟ್ಟೂ ಬಿಡಬೇಕು, ಹಿಡದೂ ಹಿಡೀಬೇಕು."

ಮೊದಮೊದಲು ದಾರ ಸಿಕ್ಕುಬೀಳುತ್ತಿತ್ತು, ಬಟ್ಟೆ ಸುಕ್ಕುಗಟ್ಟುತ್ತಿತ್ತು. ಅವನು ಬೆರಳು ಆಡಿಸಿ ನೋಡಿ ಬಿಚ್ಚಿಸುತ್ತಿದ್ದ. ಬರಬರುತ್ತ ಬಿಚ್ಚಿಸುವುದು ಕಡಿಮೆಯಾಯಿತು. ಕೊನೆಗೆ ಕತ್ತರಿಯೂ ಅವಳ ಕೈಗೆ ಬಂತು. ಬಾಗಿಲು ಮುಂದೆ ಮಾಡಿಕೊಂಡು, ಯಾರಿಗೂ ಕಾಣದಂತೆ ಹೊಲಿಯುತ್ತಿದ್ದಳು. ಹೊಲಿದದ್ದನ್ನು ಅವನು ಕೊಟ್ಟು ಬರುತ್ತಿದ್ದ.

"ಕಟ್ಟಿ ಕೆಡವಿ ನನ್ನ ಎಬ್ಬಿಸಿದ್ರು, ನಿನ್ನ ಕುಂದ್ರಿಸಿದ್ರು ನೋಡು," ಎಂದು ನಗುತ್ತಿದ್ದ. "ಹೊಸಾ ಕಟ್ಟಿ ಆಗ್ಲಿ, ಇಬ್ರೂ ಹೋಗಾಮು. ನಾ ಗಿರಾಕಿ ಸಂಗಾಟ ಮಾತಾಡ್ತೀನಿ, ನೀ ಹೊಲಿ."

"ಬಜಾರದಾಗ ಹೆಣ್ಮಗಳು ಮಿಷಿನ್ ತುಳದ್ರ ನಗ್ತಾರ."

"ನಗ್ಲಿ ಬಿಡು. ಅಂಗಿ ತೊಡೋತನಕ ನಗ್ತಾರ."

ಇಡೀ ಊರು ಆ ಗುಂಡಿಗಳನ್ನು ಶಪಿಸುತ್ತಿದ್ದಾಗ, ತನ್ನ ಬಾಳಿನ ಚಂದದ ದಿನಗಳು ಇವೇ ಎಂದು ಬಂಡೆಮ್ಮ ಯಾರ ಮುಂದೆ ಹೇಳಿಯಾಳು? ಗಂಡನ ಮುಂದೆಯೂ ಹೇಳಿರಲಿಲ್ಲ.

*

ಹೆಣವನ್ನು ಕೂಡಿಸಿಯೇ ಒಯ್ಯುವುದು ಅವರ ಪದ್ಧತಿ. ನಾಲ್ಕು ಕಾಲಿನ ಕುರ್ಚಿಗೆ ಬಿದಿರು ಬಿಗಿದು, ಬಾಳೆಕಂಬ ಕಟ್ಟಿ, ಮುದುಕಪ್ಪನನ್ನು ಕೂಡಿಸಿದ್ದರು. ಬಿಳಿ ಅಂಗಿಯ ಗುಂಡಿಗಳು ಕೊರಳ ತನಕ ಹಾಕಿದ್ದವು.

"ಬಜಾರ ತುಂಬ ಸಿಮಿಟ್ ಹಾಕ್ಯಾರ. ಹಿಂದಿನ ಓಣಿ ಹಿಡದು ಹೋಗಾಮು," ಎಂದ ಕನಕಪ್ಪ.

"ಬಜಾರದಾಗ ಹೋಗ್ರಿ," ಎಂದಳು ಬಂಡೆಮ್ಮ.

ಬೆಳಗಿನಿಂದ ಅಳದೇ ಇದ್ದ ಹೆಂಗಸು ಗಟ್ಟಿಯಾಗಿ ಆಡಿದ ಮೊದಲ ಮಾತದು. ಕನಕಪ್ಪ ಹೊತ್ತವರಿಗೆ ಬಜಾರದ ಕಡೆ ಕೈ ಮಾಡಿದ.

ಬಜಾರದಲ್ಲಿ ಹಲಗೆ ಬಾರಿಸುವವರು ಮುಂದೆ, ಹೆಂಗಸರು ಹಿಂದೆ. ಸುಣ್ಣ ಕಂಡ ಕಮಾನುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಅಂಗಡಿಯವರು ಅರ್ಧ ಬಾಗಿಲು ಹಾಕಿಕೊಂಡು ಎದ್ದು ನಿಂತರು. ಬೇಗಂಳ ಅಂಗಡಿಯ ಮುಂದೆ ಜಲ್ಲಿಯ ರಾಶಿ ಅಡ್ಡ ಬಂತು. ಹೊತ್ತವರ ಕಾಲು ಜಾರಿ ಕುರ್ಚಿ ಒಂದು ಕಡೆ ವಾಲಿತು.

"ಇಳಸ್ರಿ ಭಾಯಿ, ಇಲ್ಲೇ ಕಟ್ಟಿ ಮ್ಯಾಲ ಇಳಸ್ರಿ," ಸರ್ವರಿ ಬೇಗಂ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತ ಹೊರಗೆ ಬಂದಳು.

ಕಟ್ಟೆ ಕಟ್ಟುತ್ತಿದ್ದ ಗೌಂಡಿ ತಾಯಣ್ಣ ಕರಣೆ ಹಿಡಿದು ಓಡಿ ಬಂದ. "ಹಸಿ ಅದರೀ ಅಮ್ಮಾ! ಈಗ ಮುಂಜಾನಿ ಗಿಲಾವ್ ಮಾಡೀನಿ!"

ಕನಕಪ್ಪನೂ ಹಿಂಜರಿದ. "ಬ್ಯಾಡ್ರಿ ಬೇಗಂ ಸಾಹೇಬ್ರ, ಅಂಗಡಿ ಮುಂದ ಹೆಣ ಇಳಸಬಾರ್ದು."

"ಅರೆ, ಯಾರ ಹೆಣಪಾ? ಮುದುಕಪ್ಪ ತನ್ನ ಜಾಗಾದಾಗ ಕುಂದ್ರಾಕ ಯಾರನ್ನ ಕೇಳ್ಬೇಕು?"

ಇಳಿಸಿದರು. ಕುರ್ಚಿಯ ನಾಲ್ಕು ಕಾಲುಗಳು ಮೆಲ್ಲಗೆ ಹಸಿ ಸಿಮೆಂಟಿನ ಗಿಲಾವಿನೊಳಗೆ ಇಳಿದು ನಿಂತವು. ಹೊಸ ಕಟ್ಟೆಯ ಮೇಲೆ, ಹೊಸ ಅಂಗಿ ತೊಟ್ಟು, ಮುಖ ಬಜಾರದ ಕಡೆ ಮಾಡಿ ಮುದುಕಪ್ಪ ಕೂತಿದ್ದ. ಹಲಗೆ ನಿಂತಿತು. ಯಾರೋ ಮೆಲ್ಲಗೆ, "ಅಳತಿ ತೊಗೊಳ್ಳಾಕ ಕುಂತಂಗ ಕಾಣ್ತಾನ," ಎಂದರು. ಅಳುತ್ತಿದ್ದ ಆದೆಮ್ಮನಿಗೂ ನಗು ಬಂತು.

ಬೇಗಂ ಹತ್ತಿರ ಬಂದು ಅಂಗಿಯ ಕಾಲರು ನೋಡಿದಳು. ಒಂದು ಕಡೆ ಮಡಚಿಕೊಂಡಿದ್ದನ್ನು ಬೆರಳಿನಿಂದ ಸರಿಪಡಿಸಿದಳು. ಆಮೇಲೆ ಬಂಡೆಮ್ಮನನ್ನು ನೋಡಿದಳು.

"ಕಾಲರ್ ಛಲೋ ಕುಂತದ," ಎಂದಳು. "ಎರಡು ವರ್ಷದಿಂದ ನೋಡಾಕತ್ತೀನಿ, ಛಲೋನೇ ಕುಂದ್ರಾಕತ್ತದ."

ಬಂಡೆಮ್ಮನ ಕಿವಿ ಬೆಚ್ಚಗಾಯಿತು. ತಲೆ ತಗ್ಗಿಸಿದಳು.

ಕನಕಪ್ಪ ಮುಂದೆ ಬಂದ. "ಇನ್ನ ಈ ಜಾಗಾ ಬ್ಯಾರೆಯವರಿಗೆ ಕೊಡ್ರಿ. ಮಿಷಿನ್ ನಾ ಊರಿಗೆ ಒಯ್ತೀನಿ."

"ದರ್ಜಿ ಜಾಗಾ ದರ್ಜಿಗೇ," ಎಂದಳು ಬೇಗಂ. ಹಲಗೆ ಮತ್ತೆ ಶುರುವಾಯಿತು.

*

ಹಳ್ಳದ ದಂಡೆಯಲ್ಲಿ ಕುಣಿಯೊಳಗೆ ಕೂಡಿಸಿ, ಹಿಡಿ ಮಣ್ಣು ಹಾಕಿ, ಮಿಂದು ಅದೇ ದಾರಿಯಲ್ಲಿ ಮರಳಿದಾಗ ಬಿಸಿಲು ಇಳಿದಿತ್ತು. ತಾಯಣ್ಣ ಕಟ್ಟೆಯ ಹತ್ತಿರ ಕಾಯುತ್ತಿದ್ದ. ಕುರ್ಚಿಯ ನಾಲ್ಕು ಕಾಲಿನ ಕುಳಿಗಳು ಹಾಗೇ ಇದ್ದವು, ಸುತ್ತ ಗಿಲಾವು ಬಿಗಿದಿತ್ತು.

"ಯವ್ವಾ, ಇವು ಮುಚ್ಚಲೇನು? ನಿಮ್ಮನ್ನ ಕೇಳಂತ ಬೇಗಂ ಅಮ್ಮ ಅಂದ್ರು."

"ಮುಚ್ಚಪಾ," ಎಂದ ಕನಕಪ್ಪ. "ಇನ್ಯಾರು ಕುಂದ್ರೋರದಾರ?"

"ಹಂಗಾದ್ರ ನಾಳಿ ಮಾಲ್ ಕಲಸಿ ಮುಚ್ತೀನಿ."

ಗಂಡಸರು ಮುಂದೆ ಹೋದರು. ಬಂಡೆಮ್ಮ ಕಾಲಿಗೆ ಮುಳ್ಳು ಚುಚ್ಚಿದವಳಂತೆ ಕಟ್ಟೆಯ ಪಕ್ಕ ಕೂತಳು. ಒಂದು ಕುಳಿಯಿಂದ ಮತ್ತೊಂದಕ್ಕೆ ಗೇಣು ಹಾಕಿದಳು. ಕರಣೆ ತೊಳೆಯುತ್ತಿದ್ದ ತಾಯಣ್ಣ ನೋಡಲಿಲ್ಲ.

ಮನೆಯಲ್ಲಿ ಕನಕಪ್ಪ ಯಂತ್ರಕ್ಕೆ ಗೋಣಿ ಸುತ್ತಿ, ಹಗ್ಗ ಬಿಗಿದು, ಗೋಡೆಗೆ ಸರಿಸಿಟ್ಟ. ನೆರೆಯವರು ತಂದ ಅನ್ನ ಸಾರಿಗೆ ಎಲ್ಲರೂ ಅಂಗಳದಲ್ಲಿ ಕೂತರು.

"ಅತ್ತಿಗೀ, ಎರಡು ತುತ್ತು ಉಣ್ಣು ಬಾ."

"ದೀಪ ಹಚ್ಚಿ ಬರ್ತೀನಿ, ಉಣ್ರಿ."

ಗಂಡ ಮಲಗುತ್ತಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟಳು. ಯಂತ್ರದ ಬದಿ ಕೂತು, ಗೋಣಿಯ ಕೆಳಗೆ ಹೊರಚಾಚಿದ್ದ ಎರಡು ಕಾಲುಗಳ ನಡುವೆ ಗೇಣು ಹಾಕಿದಳು. ಕಟ್ಟೆಯ ಕುಳಿಗಳ ಅಳತೆಗೆ ಒಂದು ಬೆರಳು ಹೆಚ್ಚು ಕಡಿಮೆ, ಅಷ್ಟೇ.

ಆಮೇಲೆ ಗೋಣಿಯ ಸಂದಿಯಲ್ಲಿ ಕೈ ತೂರಿಸಿ, ಸೂಜಿಯ ಕೆಳಗಿನ ತಗಡು ಸರಿಸಿ, ದಾರ ಸುತ್ತಿದ ಬಾಬಿನ್ನನ್ನು ಅದರ ಪುಟ್ಟ ಮನೆಯ ಸಮೇತ ಹೊರಗೆ ತೆಗೆದಳು. ಅದಿಲ್ಲದೆ ಆ ಯಂತ್ರ, ಯಾರು ಒಯ್ದರೂ, ಬರೀ ಕಬ್ಬಿಣ. ಅಂಗಿ ಹೊಲಿದ ಬಿಳಿ ದಾರ ಅದರಲ್ಲಿ ಇನ್ನೂ ಉಳಿದಿತ್ತು. ಜೋತುಬಿದ್ದ ತುದಿಯನ್ನು ಬೆರಳಿಗೆ ಸುತ್ತಿ ಒಳಗೆ ಸೇರಿಸಿ, ನಡುವಿಗೆ ಸಿಕ್ಕಿಸಿಕೊಂಡು ಸೀರೆಯ ನೆರಿಗೆ ಬಿಗಿ ಮಾಡಿದಳು.

"ಬಂದೆ," ಎಂದು ಉಣ್ಣಲು ಹೊರಗೆ ಬಂದಳು.