ಹದಿನೆಂಟು ಮಿಲಿಮೀಟರಿನ ಕಂಡಿ

ಮರಗೆಲಸದ ಆ ಕಾರ್ಖಾನೆಯಲ್ಲಿ ಡ್ರಾಯಿಂಗ್ ಮಾಡುವವಳಿಗೆ ಎಲ್ಲರೂ ಇಟ್ಟ ಹೆಸರು ಟಿಪ್ಸಕ್ಕ. ಯಾರಾದರೂ ನೀರು ಕುಡಿಯಲು ಎದ್ದರೂ ಒಂದು ಬುದ್ಧಿಮಾತು ಹೇಳದೆ ಬಿಡುವ ಜೀವವಲ್ಲ ಅದು. ಸಾಲದ್ದಕ್ಕೆ ಮೇಜಿನ ಹಿಂದಿನ ಗೋಡೆಗೂ ಅಂಟಿಸಿದ್ದಳು: ‘ಅಳತೆ ಪೂರ್ತಿ ಕೊಡದ ಗೆರೆ, ಹಗ್ಗ ಬಿಚ್ಚಿದ ಕರು.’ ‘ಅಂಚು ದುಂಡಗೆ ಮಾಡುವುದು ಕಟ್ಟಕಡೆಗೆ, ಮುಖ ತೊಳೆಯುವ ಮೊದಲೇ ಪೌಡರ್ ಹಚ್ಚಬೇಡಿ.’ ‘ಮಾಡಿದ್ದಕ್ಕೆಲ್ಲ ಹೆಸರಿಡಿ. ಕಂಪ್ಯೂಟರ್ ತಾನೇ ಇಟ್ಟ ಎಕ್ಸ್‌ಟ್ರೂಡ್ ನಲವತ್ತೇಳು ಅಂತ ಬಿಟ್ಟರೆ ನಾಳೆ ಅದು ಯಾರ ಕೂಸೋ ಯಾರಿಗೂ ತಿಳಿಯುವುದಿಲ್ಲ.’

ಕಾರ್ಖಾನೆ ಅವಳ ಸೋದರಮಾವನದು. ಅವರು ನಕ್ಷೆ ಬಿಡಿಸಲು ಬಳಸುವ ಕ್ಯಾಡ್ ತಂತ್ರಾಂಶ ಇಂಟರ್‌ನೆಟ್ಟಿನಲ್ಲೇ ಇರುವಂಥದ್ದು. ಒಂದೇ ಮಾಡೆಲನ್ನು ಇವಳು ಮೇಜಿನ ಮೇಲೆ, ಕಟಿಂಗ್ ಮಷೀನಿನವನು ಕೆಳಮಹಡಿಯಲ್ಲಿ, ಮಾವ ಫೋನಿನಲ್ಲಿ, ಮೂವರೂ ಒಟ್ಟಿಗೇ ನೋಡಬಹುದು. ಅದರೊಳಗೆ ಟಿಪ್ಸಕ್ಕ ತಾನೇ ಕೋಡ್ ಬರೆದು ಒಂದು ಟೂಲ್ ಮಾಡಿದ್ದಳು. ಡ್ರಾಯರಿನ ಮುಂದಿನ ಹಲಗೆಯ ಮೇಲೆ ಒತ್ತಿದರೆ ಸಾಕು, ಹಿಡಿಕೆಯ ಬದಲಿಗೆ ಬೆರಳು ತೂರಿಸುವ ಕಂಡಿಯೊಂದು ಅಂಚು ದುಂಡಗಾಗಿಸಿಕೊಂಡು ನಟ್ಟನಡುವೆ ಬಂದು ಕೂರುತ್ತಿತ್ತು. ಅರ್ಧ ದಿನದ ಕೆಲಸ ಚಿಟಿಕೆ ಹೊಡೆಯುವುದರೊಳಗೆ ಮುಗಿಯುತ್ತಿತ್ತು. ಇನ್ನೊಂದು ಶಾಖೆಯವರೂ ಮೊನ್ನೆ ಅದನ್ನು ಕೇಳಿ ಪಡೆದ ಮೇಲೆ ಅವಳ ನಡಿಗೆಯೇ ಸ್ವಲ್ಪ ಬದಲಾಗಿತ್ತು.

ಟೂಲಿನಿಂದ ಮಾಡಿದ ಮೊದಲ ದೊಡ್ಡ ಕೆಲಸ ಬೇಕರಿಯೊಂದರದು: ಅರವತ್ತನಾಲ್ಕು ಡ್ರಾಯರು. ಬೇಕರಿಯ ಯಜಮಾನಿ ಬಂದು ಮಾದರಿ ಡ್ರಾಯರನ್ನು ಒಪ್ಪಿದರೆ ಮಧ್ಯಾಹ್ನ ಎರಡಕ್ಕೆ ಹಲಗೆಗಳು ಮಷೀನಿಗೆ. ಒಪ್ಪದಿದ್ದರೆ ಕೆಲಸ ಎದುರು ರಸ್ತೆಯ ಕಾರ್ಖಾನೆಗೆ.

ಯಜಮಾನಿ ಬಂದರು. ಇಪ್ಪತ್ತು ವರ್ಷ ಹಿಟ್ಟು ನಾದಿದ ಕೈ. ಒಂದೊಂದು ಬೆರಳೂ ಗಟ್ಟಿಮುಟ್ಟಾದ ಕ್ಯಾರೆಟ್ಟು. ಕಂಡಿಗೆ ಹಾಕಿದರು. ಮೊದಲ ಗೆಣ್ಣು ಹೋಯಿತು, ಎರಡನೆಯದು ಬಾಗಿಲಲ್ಲೇ ನಿಂತಿತು.

“ಏನಮ್ಮಾ, ಇದು ಡ್ರಾಯರೋ ಟಪಾಲು ಪೆಟ್ಟಿಗೆಯೋ?”

“ಸ್ವಲ್ಪ ಓರೆಯಾಗಿ ಹಾಕ್ಬೇಕು, ಹೀಗೆ,” ಎಂದು ಮಾವ ತಾನೇ ಹಾಕಿ ತೋರಿಸಿದ. ಹೋಯಿತು. ಬರಲಿಲ್ಲ. ಎರಡು ಸಲ ಎಳೆದು ನೋಡಿ, ಏನೂ ಆಗಿಲ್ಲವೆಂಬಂತೆ ಡ್ರಾಯರಿಗೆ ಒರಗಿ ನಿಂತು ಟಿಪ್ಸಕ್ಕನಿಗೆ ಮೆಲ್ಲಗೆ ಹೇಳಿದ: “ಪುಟ್ಟೀ, ಮಷೀನಿನ ಎಣ್ಣೆ ತಗೊಂಡು ಬಾ.”

ಎಣ್ಣೆ ತಂದವನು ಮಷೀನಿನವನು. “ನಾವೆಲ್ಲ ಡ್ರಾಯರನ್ನ ಕೆಳಗಿಂದ ಚಿವುಟಿ ತೆಗೀತೀವಿ. ಅದೇ ಸ್ಟೈಲು ಅನ್ಕೊಂಡಿದ್ವಿ.”

“ನಂಗೊಂದು ಮಾತು ಹೇಳ್ಬಾರದಿತ್ತಾ?” ಎಂದಳು ಟಿಪ್ಸಕ್ಕ.

“ಹೇಳಿದ್ನಲ್ಲ ಅಕ್ಕ. ಮಾಡೆಲ್ ಮೇಲೆ ಕಮೆಂಟ್ ಹಾಕಿದ್ದೆ.”

ತೆರೆದು ನೋಡಿದಳು. ‘ಬೆರಳು ಹೋಗ್ತಿಲ್ಲ ಅಕ್ಕ.’ ಅದರ ಕೆಳಗೆ ಅವಳದೇ ಉತ್ತರ: ‘ನಂದು ಹೋಗುತ್ತೆ.’ ಪಕ್ಕದಲ್ಲಿ, ವಿಷಯ ಬಗೆಹರಿದಿದೆ ಎಂದು ಅವಳೇ ಹಾಕಿದ ಹಸಿರು ಗುರುತು, ತಾರೀಖು ಗಂಟೆ ನಿಮಿಷ ಸಮೇತ.

ಟೂಲ್ ಬರೆಯುವಾಗ ಕಂಡಿಯ ಎತ್ತರಕ್ಕೆ ಒಂದು ಅಂಕಿ ಮೊದಲೇ ತುಂಬಿಟ್ಟಿದ್ದಳು. ಅಳೆಯಲು ಹತ್ತಿರದಲ್ಲಿದ್ದದ್ದು ತನ್ನದೇ ಕೈ. ಹದಿನೆಂಟು ಮಿಲಿಮೀಟರು. ಆಮೇಲೆ ಆ ಅಂಕಿಯನ್ನು ಯಾರೂ ಮುಟ್ಟಲಿಲ್ಲ, ಅವಳೂ ಮುಟ್ಟಲಿಲ್ಲ. ಬಡಿಸಿಟ್ಟ ತಟ್ಟೆ ಸಿಕ್ಕಾಗ ಅಡುಗೆಮನೆಗೆ ಹೋಗುವವರು ಯಾರು?

ಯಜಮಾನಿ ಚೀಲವನ್ನು ಹೆಗಲಿಗೇರಿಸಿಕೊಂಡರು. “ಇನ್ನು ಅಷ್ಟನ್ನೂ ತಿದ್ದೋಕೆ ಒಂದು ವಾರ ಅಂತೀರಿ. ನನ್ನ ಅಂಗಡಿ ನಿಮ್ಮ ವಾರಕ್ಕೆ ಕಾಯಲ್ಲ.”

“ಐದು ನಿಮಿಷ ಕೂತ್ಕೊಳ್ಳಿ. ಸ್ವಲ್ಪ ಕೈ ಕೊಡಿ.”

ಟಿಪ್ಸಕ್ಕ ವರ್ನಿಯರ್ ಅಳತೆಗೋಲು ಹಿಡಿದು ದಪ್ಪನೆಯ ಗೆಣ್ಣನ್ನು ಅಳೆದಳು. ಇಪ್ಪತ್ನಾಲ್ಕು.

“ಉಂಗುರ ಕೊಳ್ಳೋವಾಗಲೂ ನನ್ನ ಬೆರಳಿಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ,” ಎಂದರು ಯಜಮಾನಿ.

ಅರವತ್ತನಾಲ್ಕು ಕಂಡಿಗಳೂ ಎತ್ತರವನ್ನು ಒಂದೇ ಜಾಗದಿಂದ ತೆಗೆದುಕೊಳ್ಳುವಂತೆ ಕಟ್ಟಿದ್ದದ್ದು ಈಗ ಕೈಹಿಡಿಯಿತು. ಬೆರಳು ಆಡಲು ಎಂಟು ಸೇರಿಸಿ, ಅಲ್ಲಿ ಮೂವತ್ತೆರಡು ಎಂದು ತಿದ್ದಿ ಒತ್ತಿದಳು. ಪರದೆಯ ಮೇಲೆ ಡ್ರಾಯರುಗಳೆಲ್ಲ ಒಟ್ಟಿಗೇ ಆಕಳಿಸಿದವು. ಎಲ್ಲವೂ ಅಲ್ಲ, ಅರವತ್ತು. ಮೇಲಿನ ಸಾಲಿನ ನಾಲ್ಕು ಕೆಂಪಗಾಗಿ ನಿಂತವು.

ಬೆರಳು ಬಿಡಿಸಿಕೊಂಡಿದ್ದ ಮಾವ, ಯಜಮಾನಿಯ ಬೆನ್ನ ಹಿಂದೆ ನಿಂತು, ಪರದೆ ಸರಿಸೆಂದು ಕಣ್ಣಲ್ಲೇ ಸನ್ನೆ ಮಾಡಿದ. ಸರಿಸುವುದು ಸುಲಭವಿತ್ತು. ಆದರೆ ಹಸಿರು ಗುರುತೊಂದರ ನಾಚಿಕೆ ಇನ್ನೂ ಆರಿರಲಿಲ್ಲ.

“ಈ ನಾಲ್ಕು ಆಗಲ್ಲ,” ಎಂದಳು. “ಹಲಗೆ ಗಿಡ್ಡ. ಇಷ್ಟು ದೊಡ್ಡ ಕಂಡಿ ಕೊರೆದರೆ ಸೀಳಿಹೋಗುತ್ತೆ.”

ಯಜಮಾನಿ ಪರದೆಯ ಹತ್ತಿರಕ್ಕೆ ಬಗ್ಗಿದರು. “ಇವು ಕೇಕಿನ ಅಲಂಕಾರದ ಸಾಮಾನಿಗೆ ಅಲ್ವಾ? ಅದು ನಮ್ಮತ್ತೆ ರಾಜ್ಯ. ಅವಕ್ಕೆ ಹಳೇ ಕಂಡೀನೇ ಇರಲಿ ಬಿಡು.”

“ನಿಮಗೆ ತೆಗೆಯೋಕೆ ಬರಲ್ವಲ್ಲ.”

“ಬರಬಾರದು. ಹನ್ನೆರಡು ವರ್ಷದಿಂದ ಅವರು ಕೇಳ್ತಿರೋದೇ ಅದು. ಅವರಿಗೋಸ್ಕರ ಬೇರೆಯಾಗಿ ಮಾಡಿಸಿದೆ ಅಂತೀನಿ.”

“ಅವರ ಬೆರಳೂ ಅಳೀಬೇಕು,” ಎಂದಳು ಟಿಪ್ಸಕ್ಕ.

ಫೋನು ಹೋಯಿತು. ಆ ಕಡೆಯಿಂದ ಅತ್ತೆಯ ದನಿ ಇಡೀ ಕೋಣೆಗೆ ಕೇಳಿಸಿತು: “ನನ್ನ ಬೆರಳು ಯಾರಿಗಮ್ಮಾ ಬೇಕಾಗಿತ್ತು ಈ ವಯಸ್ಸಲ್ಲಿ? ತಾಳು, ಸ್ಕೇಲು ಹುಡುಕ್ತೀನಿ.” ಹದಿಮೂರು ಬಂತು. ಹದಿನೆಂಟರ ಕಂಡಿಯಲ್ಲಿ ಆರಾಮಾಗಿ ಆಡುವ ಬೆರಳು.

ಮಷೀನಿನವನು ಉಳಿಕೆ ಪ್ಲೈವುಡ್ಡಿನಲ್ಲಿ ಹೊಸ ಕಂಡಿ ಕೊರೆದು ತಂದ. ಯಜಮಾನಿ ಕೈ ತೂರಿಸಿದರು, ತೆಗೆದರು, ಸುಮ್ಮನೆ ಇನ್ನೊಂದು ಸಲ ತೂರಿಸಿದರು. ಆಮೇಲೆ ಸಹಿ ಹಾಕಿದರು. ಎರಡಕ್ಕೆ ಐದು ನಿಮಿಷ ಇರುವಾಗಲೇ ಮಷೀನು ಶುರುವಾಯಿತು.

ಟಿಪ್ಸಕ್ಕ ಮೇಜಿಗೆ ಮರಳಿ ಟೂಲಿನ ಕೋಡ್ ತೆರೆದು ಆ ಹದಿನೆಂಟನ್ನು ಅಳಿಸಿದಳು. ಅದರ ಜಾಗದಲ್ಲಿ ಬೇರೆ ಅಂಕಿ ತುಂಬಲಿಲ್ಲ. ಖಾಲಿ ಚೌಕ, ಅದನ್ನು ತುಂಬದೆ ಟೂಲ್ ಅಲುಗಾಡುವುದಿಲ್ಲ. ಹೊಸ ಆವೃತ್ತಿಯನ್ನು ಎಲ್ಲರಿಗೂ ಕಳಿಸಿದಳು.

ನಾಲ್ಕು ಗಂಟೆಗೆ ಶಾಖೆಯಿಂದ ಕರೆ ಬಂತು. “ಅಕ್ಕ, ನಿಮ್ಮ ಟೂಲ್ ಕೆಟ್ಟೋಗಿದೆ. ಕಂಡಿ ಬರ್ತಿಲ್ಲ, ಅಂಕಿ ಕೇಳ್ತಿದೆ.”

“ಯಾರಿಗೆ ಮಾಡ್ತಿದೀರಿ?”

“ನಮ್ಮ ಪಕ್ಕದ ಗ್ಯಾರೇಜಿನವರಿಗೆ.”

“ಹಾಗಾದ್ರೆ ಅಂಕಿ ಗ್ಯಾರೇಜಲ್ಲಿದೆ.”

“ಅಂದಾಜಿಗೆ ಒಂದು ಹೇಳಿಬಿಡಿ ಅಕ್ಕ.”

“ಹೋಗುವಾಗ ವರ್ನಿಯರ್ ಮರೀಬೇಡಿ,” ಎಂದಳು ಟಿಪ್ಸಕ್ಕ. ಆ ಕಡೆ, ಗೊಣಗಾಟದ ನಡುವೆ, ಕುರ್ಚಿ ಹಿಂದಕ್ಕೆ ಸರಿಸಿ ಎದ್ದ ಸದ್ದು.