ಬಾರದವರ ನೊರೆ

"ಬೆರಳು ಸರಿಯಾಗಿ ಇಡೇ! ಮೂರು ಹೊತ್ತು ತಿನ್ನೋಕೆ ಬರುತ್ತೆ, ಬೆರಳು ಒತ್ತೋಕೆ ಬರಲ್ವಾ?"

ಪಾತ್ರೆ ತೊಳೆಯುವ ದ್ರವದ ಕಾರ್ಖಾನೆಯ ಬಾಗಿಲಲ್ಲಿ ಮ್ಯಾನೇಜರ್ ತಾನೇ ನೊರೆಯಕ್ಕನ ಹೆಬ್ಬೆರಳು ಹಿಡಿದು, ಮೂರು ದಿನದ ಹಿಂದಷ್ಟೇ ಬಂದ ಹಾಜರಿ ಯಂತ್ರಕ್ಕೆ ಅದುಮಿದ. ಕೆಂಪು ದೀಪ. ಹತ್ತೂ ಬೆರಳು ಆಯಿತು. ಕೆಂಪೇ. ಹನ್ನೆರಡು ವರ್ಷ ಬರಿಗೈಯಲ್ಲಿ ಆ ಮಾಲು ಕಲಕಿದವಳ ಬೆರಳಲ್ಲಿ ಗೆರೆ ಎಲ್ಲಿಂದ ಬರಬೇಕು? ನೀರಿನ ಮೈ ಬಿಗಿಯಾಗಿರುತ್ತದಂತೆ, ಆ ಬಿಗಿ ಸಡಿಲಿಸಿ ನೀರನ್ನು ಜಿಡ್ಡಿನೊಳಗೆ ನುಗ್ಗಿಸುವುದೇ ನಮ್ಮ ದ್ರವದ ಕಸುಬು ಎಂದು ಮ್ಯಾನೇಜರ್ ಬಂದವರಿಗೆಲ್ಲ ಕೊರೆಯುತ್ತಾನೆ. ಕೈಚರ್ಮದ ಮಾತು ಬಂದರೆ ಮಾತ್ರ ಆ ಪಂಡಿತನಿಗೆ ಫೋನ್ ಬಂದುಬಿಡುತ್ತದೆ.

"ಗ್ಲೌಸು ಕೊಡಿ ಅಂತ ಬಾಯಿ ಬಡ್ಕೊಂಡ್ವಲ್ಲ ಸಾರ್."

"ದಿನಾ ಸೋಪಲ್ಲೇ ಕೈ ಅದ್ದೋ ಮಹಾರಾಣಿಗೆ ಗ್ಲೌಸು ಬೇರೆ! ಮಿಷನ್ನು ಸುಳ್ಳು ಹೇಳಲ್ಲ. ಮೂರು ದಿನದಿಂದ ನೀನು ಬಂದಿಲ್ಲ. ಸಂಜೆ ಹೆಸರು ಹೊಡೆದುಹಾಕ್ತೀನಿ. ಈಗ ಹೋಗಿ ಕಲಕು, ಮುಂಡೇದೇ."

ಹೆಸರು ಹೋದರೆ ಮುಗಿಯಿತು. ಸುತ್ತಲಿನ ಕಾರ್ಖಾನೆಗಳಲ್ಲೆಲ್ಲ ಈಗ ಬಾಗಿಲಲ್ಲೇ ಬೆರಳು ಕೇಳುತ್ತಾರೆ. ನೊರೆಯಕ್ಕನಿಗೆ ಅಳು ಬಂತು. ಅದನ್ನು ನುಂಗಿದ ಮೇಲೆ ಪಿತ್ತ ನೆತ್ತಿಗೇರಿತು.

ಒಳಗೆ ಅವಳ ಓರಗಿತ್ತಿ ಆಗಲೇ ಮಾಲು ಸುರಿದ ತೊಟ್ಟಿಗೆ ನೀರು ಬಿಟ್ಟಿದ್ದಳು. ಅವಳ ಬೆರಳಿಗೂ, ಜೊತೆಗೆ ಕಲಕುವ ಆರು ಹೆಂಗಸರ ಬೆರಳಿಗೂ ಕೆಂಪು ದೀಪವೇ. ನೀರು ಅಳತೆ ಮುಟ್ಟಿದ ತಕ್ಷಣ ನಲ್ಲಿ ನಿಲ್ಲಿಸಬೇಕು, ಇಲ್ಲವಾದರೆ ನೊರೆ ಉಕ್ಕಿ ಬರುತ್ತದೆ. ನೊರೆಯಕ್ಕ ಕಲಕುವ ಕೋಲನ್ನು ಗೋಡೆಗೆ ಒರಗಿಸಿ ಡ್ರಮ್ಮಿನ ಮೇಲೆ ಕೂತಳು.

"ಅಕ್ಕಾ, ನಲ್ಲಿ!"

"ನಾವು ಬಂದೇ ಇಲ್ವಲ್ಲೇ. ಕೂತ್ಕೋ."

ಓರಗಿತ್ತಿ ಕಿಸಕ್ಕನೆ ನಕ್ಕು ಕೂತಳು. ಉಳಿದ ಆರು ಹೆಂಗಸರೂ ಕೂತರು.

ನೊರೆ ತೊಟ್ಟಿಯಂಚು ದಾಟಿ, ನೆಲ ಹಿಡಿದು, ಅಪ್ಪಣೆ ಕೇಳದೆ ಆಫೀಸಿಗೆ ನುಗ್ಗಿತು. ಮ್ಯಾನೇಜರ್ ಪ್ಯಾಂಟು ಎತ್ತಿಕೊಂಡು ಓಡಿಬಂದ.

"ನಲ್ಲಿ ನಿಲ್ಲಿಸ್ರೇ, ರಂಡೇರಾ!"

"ಯಾರಿಗೆ ಹೇಳ್ತಿದ್ದೀರಾ ಸಾರ್?" ನೊರೆಯಕ್ಕ ಕೂತಲ್ಲಿಂದಲೇ ಕೇಳಿದಳು. "ಇಲ್ಲಿ ಯಾರೂ ಬಂದಿಲ್ಲ."

"ನಿಮ್ಮ ಹಾಜರಿ ನಾನೇ ಬರ್ಕೋತೀನಿ ಕಣ್ರೇ, ಮೊದಲು ನಿಲ್ಲಿಸಿ!"

"ನೀವು ಬರೆದ್ರೆ ಸುಳ್ಳಾಗುತ್ತೆ ಸಾರ್. ಪಾಪ, ಮಿಷನ್ನಿನ ಮರ್ಯಾದೆ ಹೋಗುತ್ತೆ."

ಅವನು ಹೆಜ್ಜೆ ಇಟ್ಟ, ಜಾರಿದ, ಕುಂಡೆಯೂರಿ ಬಿದ್ದ. ಗೋಡೆಬುಡದ ನಲ್ಲಿ ನೊರೆಯಡಿ ಎಲ್ಲೋ ಮುಳುಗಿತ್ತು. ಮೊಣಕೈವರೆಗೆ ಬರಿಗೈ ತೂರಿಸಿ ತಡಕಿದ. ಪೂರ್ತಿ ಬೆರೆಯದ ಮಾಲು, ಎರಡೇ ನಿಮಿಷಕ್ಕೆ ಉರಿ ಹತ್ತಿತು. ಕೆರೆದುಕೊಂಡ, ತಡಕಿದ, ಮತ್ತೆ ಕೆರೆದುಕೊಂಡ.

"ಯಾವ ಕಡೆಗೆ ತಿರುಗಿಸ್ಬೇಕೇ ಇದನ್ನ?" ಎಂದು ಕಿರುಚಿದ.

ಬಾರದೇ ಇದ್ದ ಎಂಟು ಹೆಂಗಸರು ಕೂತು ನೋಡುತ್ತಿದ್ದರು.