ಆರು ನಿಮಿಷದ ಅಮ್ಮ

ನಿಲ್ಲುವುದನ್ನೇ ಕಸುಬು ಮಾಡಿಕೊಂಡವರಲ್ಲಿ ನಾನು ಕಂಡದ್ದು ಒಬ್ಬರನ್ನೇ. ಮೊಬೈಲ್ ಟವರಿನ ಪಕ್ಕ ವಾಸಿಸುವ ಜನ ತಮ್ಮ ಮನೆಯೊಳಗೆ ಎಷ್ಟು ವಿಕಿರಣ ಬೀಳುತ್ತಿದೆಯೆಂದು ಅರ್ಜಿ ಹಾಕಿ ಕೇಳಿದರೆ, ಅಳೆದು ಹೇಳಲು ಸರಕಾರಿ ಕಚೇರಿಯಿಂದ ಬರುತ್ತಿದ್ದವರು ಅವರು. ಕೋಣೆಯ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, ಅಲ್ಲಿ ಮೂರು ಕಾಲಿನ ಸ್ಟ್ಯಾಂಡೊಂದನ್ನು ಊರಿ, ಅದರ ತುದಿಗೆ ಚೆಂಡಿನಂಥ ಬಿಳಿಯ ಬುರುಡೆಯಿರುವ ಯಂತ್ರವನ್ನು ಸಿಕ್ಕಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತುಬಿಡುತ್ತಿದ್ದರು. ಕ್ಷಣಕ್ಷಣಕ್ಕೂ ಏರಿಳಿಯುವ ಅಲೆಗಳ ಸರಾಸರಿ ಹಿಡಿಯಲು ಒಂದೊಂದು ಗುರುತಿನಲ್ಲೂ ಆರು ನಿಮಿಷ ಅಳೆಯಬೇಕೆಂಬುದು ನಿಯಮ. ಅವರ ಜೊತೆಯವರು ಆ ಹೊತ್ತಿನಲ್ಲಿ ಹೊರಗೆ ಹೋಗಿ ಸಿಗರೇಟು ಸೇದಿ ಬರುತ್ತಿದ್ದರಂತೆ. ಇವರು ಮಾತ್ರ ಕೈಕಟ್ಟಿ, ಕುರ್ಚಿ ಕೊಟ್ಟರೂ ಕೂರದೆ, ನೀರು ಕೊಟ್ಟರೂ ಕುಡಿಯದೆ ನಿಂತಿರುತ್ತಿದ್ದರು. ಇಡೀ ಬಡಾವಣೆ ಅವರನ್ನು ಆರು ನಿಮಿಷದ ಅಮ್ಮ ಎಂದು ಕರೆಯುತ್ತಿದ್ದುದು ಇದರಿಂದಲೇ.

ಆರು ನಿಮಿಷ ಎಷ್ಟು ದೀರ್ಘವೆಂಬುದು ಪರರ ಮನೆಯಲ್ಲಿ ಮಾತಿಲ್ಲದೆ ನಿಂತವರಿಗಷ್ಟೇ ಗೊತ್ತು. ಮೊದಲ ನಿಮಿಷ ಮನೆಯವರು ಯಂತ್ರವನ್ನು ನೋಡುತ್ತಾರೆ, ಎರಡನೆಯದರಲ್ಲಿ ಅವರನ್ನು, ಮೂರನೆಯದರಲ್ಲಿ ಒಬ್ಬರ ಮುಖವನ್ನೊಬ್ಬರು. ನಾಲ್ಕನೆಯದು ಮುಗಿಯುವಷ್ಟರಲ್ಲಿ ಯಾರಾದರೊಬ್ಬರು ತಡೆಯಲಾರದೆ ಬಾಯಿಬಿಡುತ್ತಾರೆ: ನಿದ್ದೆ ಬರುತ್ತಿಲ್ಲ, ಎದೆ ಡವಗುಟ್ಟುತ್ತದೆ, ಸೊಸೆ ಮಾತು ಬಿಟ್ಟಿದ್ದಾಳೆ. ಇವರು ಯಂತ್ರದಿಂದ ಕಣ್ಣು ಕೀಳದೆಯೇ "ಸರಿ, ಆಮೇಲೆ?" ಎನ್ನುತ್ತಿದ್ದರು. ಆ ಎರಡು ಪದಗಳ ಆಚೆ ಅವರ ಬಾಯಿಂದ ಸಾಂತ್ವನ ಬಂದದ್ದನ್ನು ಕೇಳಿದವರಿಲ್ಲ. "ಹೆದರಬೇಡಿ" ಎಂಬ ಮಾತಂತೂ ಅವರ ನಿಘಂಟಿನಲ್ಲೇ ಇರಲಿಲ್ಲ.

ಮೈಮೇಲೆ ಸದಾ ಬೂದುಬಣ್ಣದ ಗಂಡಸರ ಕೋಟು. ತೀರಿಹೋದ ಅಣ್ಣನದಂತೆ, ತೋಳುಗಳನ್ನು ಎರಡು ಮಡಿಕೆ ಮಡಿಸಿರುತ್ತಿದ್ದರು. ಎಡಜೇಬಿನಲ್ಲಿ ಸೀಮೆಸುಣ್ಣ, ಬಲಜೇಬಿನಲ್ಲಿ ಒದ್ದೆ ಬಟ್ಟೆ; ಕೆಲಸ ಮುಗಿದ ಮೇಲೆ ಮೊಣಕಾಲೂರಿ ತಾವು ಬರೆದ ಗುರುತನ್ನು ತಾವೇ ಒರೆಸಿ ಏಳುವುದು ಅವರ ವ್ರತ, ಮನೆಯಾಕೆ ಎಷ್ಟೇ ಬೇಡವೆಂದರೂ ಬಿಡುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಯಂತ್ರದ ಪೆಟ್ಟಿಗೆ ಹೊತ್ತು ಬಲಭುಜ ಇಳಿದುಹೋಗಿ, ನಡೆಯುವಾಗ ಇಡೀ ದೇಹ ಬಲಕ್ಕೆ ವಾಲುತ್ತಿತ್ತು. ಹಾಗಿದ್ದೂ ಲಿಫ್ಟ್ ಹತ್ತುವವರಲ್ಲ. ಏಕೆಂದು ಒಮ್ಮೆ ಕೇಳಿದೆ. "ಲಿಫ್ಟಲ್ಲಿ ಹೋದ್ರೆ ಒಂದು ಮನೆ ಕಾಣತ್ತೆ. ಮೆಟ್ಟಿಲು ಹತ್ತಿದ್ರೆ ಕಟ್ಟಡ ಕಾಣತ್ತೆ" ಎಂದರು.

ಅವರ ಖ್ಯಾತಿಗೂ ಅಪಖ್ಯಾತಿಗೂ ಕಾರಣವಾದದ್ದು ಲಾಂಡ್ರಿಯೊಂದರ ತಾರಸಿ. ಬಟ್ಟೆ ಒಣಹಾಕುವ ಹಗ್ಗದಿಂದ ಎರಡು ಮಾರು ದೂರದಲ್ಲಿ, ಪಕ್ಕದ ಕಟ್ಟಡದ ಆ್ಯಂಟೆನಾ ನೇರ ಮುಖಕ್ಕೆ ಮುಖ ಕೊಟ್ಟು ನಿಂತಿತ್ತು, ಅಳತೆ ಸರಕಾರ ಗೊತ್ತುಮಾಡಿದ ಮಿತಿಯನ್ನು ದಾಟಿತ್ತು. "ಅಲ್ಲಿ ಯಾರೂ ಇರಲ್ಲ ಮೇಡಂ, ಬರೀ ಬಟ್ಟೆ ಒಣಗತ್ತೆ" ಎಂದ ಕಂಪನಿಯ ಎಂಜಿನಿಯರ್. "ಬಟ್ಟೆ ತಾನೇ ಮೆಟ್ಟಿಲು ಹತ್ತಿ ಬರತ್ತಾ?" ಎಂದು ಕೇಳಿ, ವರದಿ ಬರೆದು, ಮೇಲಧಿಕಾರಿಯ ಮುನಿಸಿಗೆ ಸೊಪ್ಪು ಹಾಕದೆ, ಆ್ಯಂಟೆನಾ ಎರಡಾಳೆತ್ತರ ಮೇಲೇರುವ ತನಕ ವಾರಕ್ಕೊಮ್ಮೆ ಹೋಗಿ ಅದೇ ತಾರಸಿಯ ಮೇಲೆ ನಿಂತು ಬಂದರು. ಕಂಪನಿಯವರು ಅಂದಿನಿಂದ ಅವರನ್ನು ಜನರ ಕಡೆಯವರೆಂದರು. ಜನರೋ, ಕಂಪನಿಯ ಕಡೆಯವರೆಂದರು. ಏಕೆಂದರೆ ಉಳಿದ ಮನೆಗಳಲ್ಲೆಲ್ಲ ಅವರ ಯಂತ್ರ ತೋರಿಸುತ್ತಿದ್ದ ಅಂಕಿ ಮಿತಿಯ ಹತ್ತಿರಕ್ಕೂ ಸುಳಿಯುತ್ತಿರಲಿಲ್ಲ. ಟವರಿನ ಬುಡದಲ್ಲೇ ಇರುವ ಮನೆಗೆ ಅಲೆ ಕಡಿಮೆ, ಅದು ಟಾರ್ಚಿನ ಬೆಳಕಿನಂತೆ ತಲೆಯ ಮೇಲಿಂದ ಹಾದುಹೋಗುತ್ತದೆ ಎಂದರೆ ನಂಬುವವರು ಯಾರು? "ಮೂವತ್ತು ವರ್ಷ ಇಲ್ಲಿದ್ರೂ ಏನೂ ಆಗಲ್ಲ ಅಂತ ಬರ್ಕೊಡ್ತೀರಾ?" ಎಂದು ಸವಾಲು ಹಾಕಿದ ನಿವೃತ್ತ ವಕೀಲರಿಗೆ ಅವರು ಹೇಳಿದ್ದಿಷ್ಟು: "ಈ ಮಟ್ಟದಲ್ಲಿ ಕೆಡುಕು ಆಗಿದ್ದು ಇದುವರೆಗೆ ಹುಡುಕಿದವ್ರಿಗೆ ಕಂಡಿಲ್ಲ, ಅಷ್ಟು ಬರ್ಕೊಡ್ತೀನಿ. ಮುಂದಿನ ಮೂವತ್ತು ವರ್ಷ ನಾನೂ ನೋಡಿಲ್ಲ, ನೀವೂ ನೋಡಿಲ್ಲ."

ಇನ್ನು ನನ್ನ ಘನಕಾರ್ಯದ ಕಥೆ. ನನ್ನ ಅಕ್ಕನ ಮನೆಯ ಎದುರಿನ ಕಟ್ಟಡದ ಮೇಲೆ ಟವರ್ ಎದ್ದ ತಿಂಗಳಲ್ಲೇ ಅವಳ ಹನ್ನೊಂದು ವರ್ಷದ ಮಗಳಿಗೆ ಆಗೊಮ್ಮೆ ಈಗೊಮ್ಮೆ ತಲೆನೋವು ಕಾಣಿಸಿಕೊಂಡಿತು. ಅಕ್ಕ ಹುಡುಗಿಯ ಹಾಸಿಗೆಯನ್ನು ಬೀದಿಬದಿಯ ಕೋಣೆಯಿಂದ ಹಿಂದಿನ ಕೋಣೆಗೆ ಸಾಗಿಸಿದಳು. ಅಲೆಗಳನ್ನು ಅಲ್ಯುಮಿನಿಯಂ ಹಾಳೆ ತಡೆಯುತ್ತದೆಂದು ಎಲ್ಲೋ ಓದಿದ್ದ ನಾನು ಸುರುಳಿಗಟ್ಟಲೆ ಹಾಳೆ ತಂದು, ಏಣಿ ಹತ್ತಿ, ಆ ಕೋಣೆಯ ಕಿಟಕಿಯನ್ನೂ ಅದಕ್ಕಂಟಿದ ಬಚ್ಚಲಿನ ಗಾಳಿಕಿಂಡಿಯನ್ನೂ ಕೂದಲೆಳೆಯಷ್ಟು ಸಂದಿಲ್ಲದಂತೆ ಮುಚ್ಚಿದೆ. ತಲೆನೋವು ಇಮ್ಮಡಿಯಾಯಿತು. ಹುಡುಗಿ ಬೆಳಿಗ್ಗೆ ಏಳುವಾಗಲೇ ವಾಂತಿ ಮಾಡತೊಡಗಿದಳು, ಅಕ್ಕನಿಗೂ ತಲೆ ಸುತ್ತು. ಟವರಿನ ಶಕ್ತಿ ಹೆಚ್ಚಿಸಿದ್ದಾರೆ ಎಂದು ತೀರ್ಮಾನಿಸಿ ನಾನು ಇನ್ನೊಂದು ಪದರ ಅಂಟಿಸಿದೆ. ಜೊತೆಗೆ ಹನ್ನೆರಡು ಪುಟದ ಅರ್ಜಿ ಬರೆದೆ; ಅದೃಶ್ಯ ರಾಕ್ಷಸ, ಮೌನ ಹಂತಕ, ಮುಗ್ಧ ಶೈಶವದ ಆಕ್ರಂದನ, ಯಾವುದನ್ನೂ ಬಿಡಲಿಲ್ಲ.

ಆರು ನಿಮಿಷದ ಅಮ್ಮ ಬಂದದ್ದು ಒಂದು ಗುರುವಾರ. ನನ್ನ ಅರ್ಜಿ ಅವರ ಕೋಟಿನ ಜೇಬಿನಲ್ಲಿತ್ತು. ನನ್ನನ್ನು ನೋಡಿ, "ಬರವಣಿಗೆ ಚೆನ್ನಾಗಿದೆ. ತಲೆನೋವು ಎಷ್ಟು ಹೊತ್ತಿಗೆ ಬರತ್ತೆ ಅಂತ ಮಾತ್ರ ಬರೆದಿಲ್ಲ" ಎಂದರು. ನನ್ನ ಮುಖ ಚಿಕ್ಕದಾಯಿತು. ಮೂರು ಕೋಣೆಗಳಲ್ಲಿ ಮೂರು ಗುರುತು ಹಾಕಿ ಅಳೆದರು. ಬೀದಿಬದಿಯ ಕೋಣೆಯಲ್ಲಿ ಮಿತಿಯ ಸಾವಿರದಲ್ಲೊಂದು ಪಾಲು, ಹಿಂದಿನ ಕೋಣೆಯಲ್ಲಿ ಅದೂ ಇಲ್ಲ. ಗುರುತುಗಳನ್ನು ಒರೆಸಿ, ಕಾಗದಕ್ಕೆ ಸಹಿ ಹಾಕಿ, ಪೆಟ್ಟಿಗೆ ಹೆಗಲಿಗೇರಿಸಿ ಬಾಗಿಲ ತನಕ ಹೋದರು. ಅವರ ಕೆಲಸ ಅಲ್ಲಿಗೆ ಮುಗಿದಿತ್ತು.

"ಹಾಗಾದ್ರೆ ನನ್ನ ಮಗಳು ಸುಳ್ಳು ಹೇಳ್ತಿದ್ದಾಳಾ ಮೇಡಂ?" ಎಂದಳು ಅಕ್ಕ.

ಅವರು ತಿರುಗಿ ಬಂದು ಪೆಟ್ಟಿಗೆಯನ್ನು ನೆಲಕ್ಕಿಟ್ಟರು. "ಯಂತ್ರ ಹೇಳಿದ್ದು ಟವರ್ ವಿಷಯ. ತಲೆನೋವಿನ ವಿಷಯ ಅದು ಏನೂ ಹೇಳಿಲ್ಲ." ಆಮೇಲೆ ಹುಡುಗಿಯ ಕಡೆ ನೋಡಿ, "ಯಾವಾಗ ಬರತ್ತೆ ಪುಟ್ಟಿ?"

"ಬೆಳಿಗ್ಗೆ ಏಳುವಾಗ. ದಿನಾ."

"ಸರಿ, ಆಮೇಲೆ? ಭಾನುವಾರ?"

"ಭಾನುವಾರ ಬರಲ್ಲ."

"ಅವತ್ತು ಸ್ಕೂಲಿಲ್ವಲ್ಲ" ಎಂದು ಭಾವ ನಕ್ಕರು. ನಾನೂ ನಕ್ಕೆ. ಆರು ನಿಮಿಷದ ಅಮ್ಮ ನಗಲಿಲ್ಲ.

"ಟವರಿಗೆ ಭಾನುವಾರ ರಜೆ ಇಲ್ಲ. ನಿಮ್ಮನೇಲಿ ಭಾನುವಾರ ಯಾವ್ದಕ್ಕೆ ರಜೆ?"

ಅಕ್ಕ ಯೋಚಿಸಿ ಹೇಳಿದಳು: ಉಳಿದ ದಿನ ಅವಳೂ ಭಾವನೂ ಕೆಲಸಕ್ಕೆ ಹೊರಡಬೇಕು, ಹುಡುಗಿ ಏಳುವ ಮೊದಲೇ ಇಬ್ಬರದೂ ಸ್ನಾನವಾಗುತ್ತದೆ, ಭಾನುವಾರ ಎಲ್ಲರೂ ಎದ್ದು, ತಿಂಡಿ ತಿಂದ ಮೇಲೆ. ಅಷ್ಟು ಕೇಳಿದ್ದೇ ತಡ, ಅವರು ವಾಲುಹೆಜ್ಜೆಯಲ್ಲಿ ಹಿಂದಿನ ಕೋಣೆ ದಾಟಿ ಬಚ್ಚಲಿಗೆ ನಡೆದರು. ಅಲ್ಲಿ ಗೋಡೆಯ ಮೇಲೆ ಗ್ಯಾಸ್ ಗೀಸರ್ ಇತ್ತು. ಅದರ ಹೊಗೆ ಹೋಗಬೇಕಾದ ಗಾಳಿಕಿಂಡಿಯಲ್ಲಿ ನನ್ನ ಬೆಳ್ಳಿಬಣ್ಣದ ಹಾಳೆ ಎರಡು ಪದರವಾಗಿ ಹೊಳೆಯುತ್ತಿತ್ತು.

"ಇದನ್ನ ಅಂಟಿಸಿದ್ದು ಯಾರು?"

ಅಕ್ಕ ನನ್ನ ಕಡೆ ನೋಡದಿರಲು ಪಟ್ಟ ಪ್ರಯತ್ನ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. "ನಾನು" ಎಂದೆ.

ಅವರು ಬೈಯಲಿಲ್ಲ. "ಹರೀರಿ" ಎಂದರು. ನಾನು ಹರಿಯುತ್ತಿರುವಾಗ ಗ್ಯಾಸು ಆರಿಸಿ, ಕಿಟಕಿ ತೆರೆಸಿ, ಹುಡುಗಿಯನ್ನು ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕೆಂದೂ ಗೀಸರ್ ರಿಪೇರಿಯವನು ಬರುವ ತನಕ ಅದನ್ನು ಮುಟ್ಟಬಾರದೆಂದೂ ತಮ್ಮ ವರದಿಯ ಹಿಂಬದಿಯಲ್ಲಿ ಬರೆದುಕೊಟ್ಟರು. ಮರುದಿನ ರಿಪೇರಿಯವನು ಬಂದು, ಗಾಳಿ ಸಾಲದೆ ಗ್ಯಾಸು ಉರಿದಾಗ ಹುಟ್ಟುವ ವಿಷಾನಿಲವನ್ನು ಪತ್ತೆಹಚ್ಚುವ ತನ್ನ ಪುಟ್ಟ ಯಂತ್ರವನ್ನು ಹಿಡಿದು, ಬಾಗಿಲು ಮುಚ್ಚಿ ಗೀಸರ್ ಹಚ್ಚಿದ. ಎರಡೇ ನಿಮಿಷದಲ್ಲಿ ಅದು ಕಿರುಚಿಕೊಂಡಿತು. ಬಣ್ಣವಿಲ್ಲ, ವಾಸನೆಯಿಲ್ಲ. ನಾನು ಅರ್ಜಿಯಲ್ಲಿ ವರ್ಣಿಸಿದ್ದ ಮೌನ ಹಂತಕ ನಿಜವಾಗಿಯೂ ಆ ಮನೆಯಲ್ಲಿದ್ದ, ನಾನೇ ಅವನನ್ನು ಒಳಗಿಟ್ಟು ಮುಚ್ಚಿದ್ದೆ. "ಇನ್ನೊಂದು ತಿಂಗಳು ಹೀಗೇ ಇದ್ದಿದ್ರೆ, ಯಾವತ್ತೋ ಒಂದು ದಿನ ಮಗು ಏಳ್ತಿರ್ಲಿಲ್ಲ ಸಾರ್" ಎಂದ ರಿಪೇರಿಯವನು.

ಕೃತಜ್ಞತೆ ಹೇಳಲು ಅವರ ಕಚೇರಿಗೆ ಹೋದೆ. ಕಡತಗಳ ನಡುವೆ ಅದೇ ಕೋಟು, ಅದೇ ಇಳಿದ ಭುಜ. ನನ್ನ ಪಶ್ಚಾತ್ತಾಪವನ್ನು ಒಂದು ಸಣ್ಣ ಭಾಷಣವಾಗಿ ಸಿದ್ಧಪಡಿಸಿಕೊಂಡು ಹೋಗಿದ್ದೆ, ಅರ್ಧದವರೆಗೆ ಕೇಳಿ, "ಸರಿ, ಆಮೇಲೆ? ಮಗು ಹೇಗಿದೆ?" ಎಂದರು. ಚೆನ್ನಾಗಿದ್ದಾಳೆ ಎಂದೆ. ಅವರು ತಲೆಯಾಡಿಸಿ ಮುಂದಿನ ಅರ್ಜಿ ಎತ್ತಿಕೊಂಡರು.

ಕಂಗೆಟ್ಟವರ ಮನೆಬಾಗಿಲಿಗೆ ಎರಡು ಬಗೆಯ ಜನ ಬೇಗ ಬರುತ್ತಾರೆ. ಏನೂ ಇಲ್ಲ ಹೋಗಿ ಎನ್ನುವವರು ಒಂದು ಬಗೆ, ಎಲ್ಲವೂ ಅದರಿಂದಲೇ ಎಂದು ಏಣಿ ತರುವ ನನ್ನಂಥವರು ಇನ್ನೊಂದು. ಎರಡೂ ಬಗೆಯವರಿಗೆ ಬಂದಾಗಲೇ ಉತ್ತರ ಗೊತ್ತಿರುತ್ತದೆ, ಆದ್ದರಿಂದ ನಿಲ್ಲುವ ತಾಳ್ಮೆ ಇರುವುದಿಲ್ಲ. ಮೂರನೆಯ ಬಗೆಯವರು ವಿರಳ. ಅವರು ಸತ್ಯವನ್ನು ಅಳೆದು ಕಡ್ಡಿ ಮುರಿದಂತೆ ಹೇಳುತ್ತಾರೆ, ಹೇಳಿದ ಮೇಲೂ ನೋವು ಎದುರಿಗೇ ಕೂತಿರುವುದನ್ನು ಕಂಡು ಅದಕ್ಕೂ ಒಂದು ಕಾರಣವಿರಬೇಕೆಂದು ನಂಬುತ್ತಾರೆ. ಅಂಥವರಿಗೆ ಸನ್ಮಾನವಿಲ್ಲ, ಎರಡೂ ಕಡೆಯ ಬೈಗುಳವಷ್ಟೇ. ಅಕ್ಕನ ಮಗಳಿಗೆ ಈಗ ಇಪ್ಪತ್ತು ತುಂಬಿದೆ. ಅಂಥವರೊಬ್ಬರು ಕೆಲಸ ಮುಗಿದ ಮೇಲೆ ಬಾಗಿಲ ತನಕ ಹೋಗಿ ಹಿಂದಿರುಗಿ ಬಂದರು, ಅದಕ್ಕೆ.